ಕ್ಷಮೆ ಕೇಳುವ ಫೈಟೆಲ್

ಲುಬ್ಲಿನ್ ಸೀಮೆಯ ನಮ್ಮೂರಿನಲ್ಲಿ ಟೋಪಿ ಹೊಲಿಯುವ ಫೈಟೆಲ್, ವರ್ಷದ ಪಾಪಗಳಿಗೆಲ್ಲ ಕ್ಷಮೆ ಬೇಡುವ ನಮ್ಮ ಯಹೂದಿಗಳ ಯೋಮ್ ಕಿಪ್ಪುರ್ ಉಪವಾಸದ ಮುನ್ನಾದಿನ ಮನೆಮನೆಗೂ ಹೋಗಿ ಕ್ಷಮೆ ಕೇಳುತ್ತಾನೆ. ಮೂರು ಸಲ ಕೇಳಿದರೆ, ಎದುರಿನವನು ಕ್ಷಮಿಸದಿದ್ದರೂ, ಕೇಳಿದವನ ಭಾರ ಇಳಿಯಿತೆಂಬ ಕಟ್ಟಳೆಯಿರುವುದರಿಂದ ಮೂರನ್ನೂ ಒಂದೇ ಉಸಿರಿನಲ್ಲಿ ಮುಗಿಸುತ್ತಾನೆ. "ಅಲ್ಲಯ್ಯಾ, ನೀನು ಮಾಡಿದ ತಪ್ಪಾದ್ರೂ ಏನು?" ಎಂದು ರೊಟ್ಟಿ ಅಂಗಡಿಯ ಹಿರ್ಶ್ ಕೇಳಿದರೆ, "ಅದನ್ನೆಲ್ಲ ಯಾಕೆ ಕೆದಕ್ತೀಯ ಮಾರಾಯ, ಕ್ಷಮಿಸ್ದೆ ಅನ್ನು, ಇನ್ನೂ ಹನ್ನೆರಡು ಮನೆ ಬಾಕಿ ಇದೆ" ಎನ್ನುತ್ತಾನೆ. ತನ್ನ ತಮ್ಮ ಆನ್ಶೆಲನ ಮನೆ ಬಂದಾಗ ಮಾತ್ರ ಬೀದಿಯ ಆಚೆ ಬದಿಗೆ ದಾಟುತ್ತಾನೆ. ಹನ್ನೊಂದು ವರ್ಷದ ಹಿಂದೆ ತಾಯಿ ಸಾಯುತ್ತಿರುವ ಸುದ್ದಿಯನ್ನು ಹಟಕ್ಕೆ ಬಿದ್ದು ಆ ತಮ್ಮನಿಗೆ ತಿಳಿಸದೆ ಉಳಿದವನು ಇವನೇ. ಪ್ರತಿ ವರ್ಷ ಉಪವಾಸದ ಈ ಮುನ್ನಾದಿನ, ಎಷ್ಟೇ ಚಳಿಯಿರಲಿ, ಆನ್ಶೆಲ್ ಬೀದಿಬಾಗಿಲನ್ನು ತೆರೆದಿಟ್ಟುಕೊಂಡು ಸಂಜೆಯವರೆಗೂ ಕೂತಿರುತ್ತಾನೆ. ಅದು ಮುಚ್ಚಿದ್ದರೆ ಫೈಟೆಲ್ ಎಂದೋ ಮೂರು ಸಲ ತಟ್ಟಿ ಹೋಗಿಬಿಡುತ್ತಿದ್ದ.