ಎಡ ಮಂಡಿ ಮಡಿಸದೆ ಹೋದರೆ

ಯಾರೂ ನನ್ನನ್ನು ಮುಟ್ಟಿರಲಿಲ್ಲ. ಚೆಂಡನ್ನು ಕಾಲಲ್ಲಿ ತಡೆದು ಎಡಗಾಲು ಊರಿ ತಿರುಗಿದೆ, ಮಂಡಿಯ ಒಳಗೆ ಏನೋ ಟಪ್ಪೆಂದಿತು, ಮರುಕ್ಷಣ ಕೆಸರಿನಲ್ಲಿ ಕೂತಿದ್ದೆ. ನಾಟಕ ಸಾಕು ಎಂದು ರೆಫ್ರಿ ಗದರಿದ. ಎಂಬತ್ತರ ದಶಕದ ಆರಂಭವದು. ನಾನು ಕಾಲೇಜಿನ ಮೊದಲ ವರ್ಷದಲ್ಲಿದ್ದೆ. ಬಂದರ್‌ನ ಬ್ಯಾರಿ ಹುಡುಗರ ತಂಡದಲ್ಲಿ ಫುಟ್ಬಾಲ್ ಆಡುವುದು ಬಿಟ್ಟರೆ ಬೇರೆ ಯಾವ ವಿದ್ಯೆಯೂ ನನಗೆ ಒಲಿದಿರಲಿಲ್ಲ.

ನಮ್ಮಲ್ಲಿ ಮಂಡಿ ಊದಿದರೆ ಯಾರೂ ಆಸ್ಪತ್ರೆಯ ಹೆಸರೆತ್ತುವುದಿಲ್ಲ. ಅಮ್ಮ, ನಮ್ಮ ಮಾತಲ್ಲಿ ಉಮ್ಮ, ನನ್ನನ್ನು ಉಳ್ಳಾಲದಲ್ಲಿ ಎಣ್ಣೆ ತಿಕ್ಕುವ ಮುದುಕರೊಬ್ಬರ ಬಳಿ ಕರೆದೊಯ್ದರು. ಪಾಪ, ಅವರು ಶ್ರದ್ಧೆಯಿಂದಲೇ ತಿಕ್ಕಿ, ಸೊಪ್ಪು ಅರೆದು ಕಟ್ಟಿದರು. ಊತ ಇಳಿಯಿತು, ನೋವು ಹೋಯಿತು, ನಾನು ನೆಟ್ಟಗೆ ನಡೆದೆ. ನೆಟ್ಟಗೆ ನಡೆಯುವವನಿಗೆ ವಾಸಿಯಾಗಿದೆ ಎಂದು ಇಡೀ ಮನೆ ನಂಬಿತು. ಆ ನಂಬಿಕೆಯಲ್ಲೇ ನಾನು ಮತ್ತೆ ಮೈದಾನಕ್ಕಿಳಿದು, ಮೊದಲ ತಿರುವಿನಲ್ಲೇ ಮತ್ತೆ ಬಿದ್ದೆ.

ಆಮೇಲೆ ಮಂಡಿ ಹೇಳದೆ ಕೇಳದೆ ಕೈಕೊಡತೊಡಗಿತು. ರಸ್ತೆ ದಾಟುವಾಗ ಒಮ್ಮೆ, ಬಾಪನ ಗೋದಾಮಿನ ಮೆಟ್ಟಿಲಲ್ಲಿ ಒಮ್ಮೆ. ಬಾಪ, ಅಂದರೆ ನನ್ನ ಅಪ್ಪ, ಬಂದರ್‌ನಲ್ಲಿ ಹಗ್ಗದ ವ್ಯಾಪಾರ ಮಾಡುತ್ತಿದ್ದರು. ಮೆಟ್ಟಿಲಿಂದ ಉರುಳಿ ಹಗ್ಗದ ಸುರುಳಿಗಳ ಮೇಲೆ ಬಿದ್ದ ನನ್ನನ್ನು ಕಂಡು ಅವರು ಬೈಯಲಿಲ್ಲ. ಬೈಯದಿದ್ದುದು ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು.

ಕಂಕನಾಡಿಯ ಆಸ್ಪತ್ರೆಯೊಂದರಲ್ಲಿ ಮೂಳೆ ಡಾಕ್ಟರರು ನನ್ನನ್ನು ಮಲಗಿಸಿ, ಮಂಡಿ ಮಡಿಸಿ, ಪಾದದ ಮೇಲೆ ತಾವೇ ಕೂತು ಕಾಲನ್ನು ಮುಂದಕ್ಕೆ ಎಳೆದರು. ಮೇಜಿನ ಡ್ರಾಯರ್‌ನಂತೆ ಅದು ಸಲೀಸಾಗಿ ಮುಂದಕ್ಕೆ ಬಂತು.

"ಒಳಗೆ ಎರಡು ಮೂಳೆ ಹಿಡಿದಿಡುವ ಒಂದು ಹಗ್ಗ ಉಂಟು. ಅದು ಹರಿದಿದೆ," ಎಂದರು ಡಾಕ್ಟರು.

"ಹೊಲಿಯಲಿಕ್ಕೆ ಆಗುವುದಿಲ್ವಾ?" ಬಾಪ ಕೇಳಿದರು.

"ಆಗಲೇ ಬಂದಿದ್ದರೆ ನೋಡಬಹುದಿತ್ತು. ಈಗ ತುದಿಗಳು ಹಾಳಾಗಿ ಹೋಗಿರ್ತವೆ. ತೊಡೆಗೆ ಬಲ ಬರುವ ವ್ಯಾಯಾಮ ಮಾಡಿ, ಆಟ ಬಿಟ್ಟು ಆರಾಮಾಗಿ ಇರಬಹುದು. ಇಲ್ಲದಿದ್ದರೆ ಆಪರೇಷನ್. ಮಂಡಿಚಿಪ್ಪಿನ ಕೆಳಗಿನ ಗಟ್ಟಿ ನರದಿಂದ ಒಂದು ಪಟ್ಟಿ ತೆಗೆದು, ಮೂಳೆಯಲ್ಲಿ ತೂತು ಕೊರೆದು, ಹರಿದದ್ದರ ಜಾಗದಲ್ಲಿ ಕೂರಿಸುವುದು. ಆಮೇಲೆ ಪ್ಲಾಸ್ಟರ್. ಮಂಡಿ ಗಟ್ಟಿಯಾಗ್ತದೆ, ಆದರೆ ಪೂರ್ತಿ ಮಡಿಸಲಿಕ್ಕೆ ಆಗ್ತದೆ ಅಂತ ನಾನು ಹೇಳುವುದಿಲ್ಲ."

ಹಗ್ಗದವರಿಗೆ ಹಗ್ಗದ ಮಾತು ಬೇಗ ಅರ್ಥವಾಯಿತು. ಕೊನೆಯ ಮಾತಿಗೆ ಮಾತ್ರ ಬಾಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ನಮಾಜಿಗೆ ಕೂರಲು?"

"ಹೇಗೆ ಕೂರುವುದು ನೀವು?" ಡಾಕ್ಟರು ಕೇಳಿದರು.

ಬಾಪ ಹೆಗಲ ಶಾಲನ್ನು ಆ ಕೋಣೆಯ ನೆಲಕ್ಕೆ ಹಾಸಿ, ಎಡಗಾಲು ಪೂರ್ತಿ ಮಡಿಸಿ ಅದರ ಮೇಲೆ ಕೂತು ತೋರಿಸಿದರು. ಡಾಕ್ಟರು ಕುರ್ಚಿಯಿಂದಿಳಿದು, ಅವರ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಮಂಡಿಯನ್ನೇ ನೋಡಿದರು. ಬಾಗಿಲಲ್ಲಿ ನರ್ಸ್ ನಗು ತಡೆದು ನಿಂತಿದ್ದರು. ನನಗೆ ನಗು ಬರಲಿಲ್ಲ. ಇನ್ನೇನು ಬಾಪ ಬೇಡ ಎನ್ನುತ್ತಾರೆ, ನನ್ನ ಆಟ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

"ಇಷ್ಟು ಮಡಿಸುವುದು ಕಷ್ಟ," ಎಂದರು ಡಾಕ್ಟರು.

ಬಾಪ ನೆಲದಲ್ಲಿ ಕೂತೇ ನನ್ನ ಕಡೆ ನೋಡಿದರು. "ನಿನಗೆ ಎಂತ ಬೇಕು?"

"ಆಡಬೇಕು," ಎಂದೆ. ಹೇಳಿದ ಮೇಲೆ ತಲೆ ಎತ್ತಲು ಧೈರ್ಯವಾಗಲಿಲ್ಲ.

"ಮಾಡಿ ಡಾಕ್ಟ್ರೇ," ಎಂದು ಬಾಪ ಶಾಲು ಕೊಡವಿದರು. ಬಸ್ಸಿನಲ್ಲಿ ನಾನು ಮೆಲ್ಲಗೆ, ನಮಾಜಿಗೆ ಎಂತ ಮಾಡುವುದು ಎಂದು ಕೇಳಿದೆ. "ಆಗದವನಿಗೆ ಹುಟ್ಟಿಸಿದವನು ರಿಯಾಯಿತಿ ಕೊಟ್ಟಿದ್ದಾನೆ. ನಿನ್ನ ಫುಟ್ಬಾಲ್‌ನವರು ಕೊಡ್ತಾರಾ?" ಎಂದರು.

ಆಪರೇಷನ್ ದಿನ ಬೆನ್ನಿಗೆ ಇಂಜೆಕ್ಷನ್ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸಿದರು. ಕಿವಿ ಮರಗಟ್ಟಿಸುವ ಮದ್ದು ಅವರಲ್ಲಿರಲಿಲ್ಲ. ಪರದೆಯ ಆಚೆ ಮೂಳೆ ಕೊರೆಯುವ ಸದ್ದು ಕೇಳುತ್ತಿತ್ತು, ಮೇಜು ಅಲುಗುತ್ತಿತ್ತು, ಆ ಕಾಲು ನನ್ನದೆಂದು ನನಗೆ ಗೊತ್ತಿತ್ತು. ಅಷ್ಟು ಹೆದರಿಕೆ ಆಮೇಲೆ ಜೀವನದಲ್ಲಿ ಯಾವುದಕ್ಕೂ ಆಗಿಲ್ಲ. ಬಾಯಿಪಾಠ ಬರುವ ಪ್ರಾರ್ಥನೆಗಳೆಲ್ಲ ಅರ್ಧಕ್ಕೇ ನಿಲ್ಲುತ್ತಿದ್ದವು.

ವಾರಗಟ್ಟಲೆ ಕಳೆದ ಮೇಲೆ ಪ್ಲಾಸ್ಟರ್ ಕತ್ತರಿಸಿದಾಗ ಒಳಗಿಂದ ನುಗ್ಗೆಕಾಯಿಯಂಥ ಕಾಲೊಂದು ಹೊರಬಂತು. ಅದನ್ನು ಮಡಿಸಲು ಆಗಲೇ ಇಲ್ಲ. ಆಟವೂ ಇಲ್ಲ, ನಮಾಜೂ ಇಲ್ಲ, ಎರಡನ್ನೂ ಕಳಕೊಂಡೆ ಎಂದು ನಾನು ಅತ್ತೆ. ಅಂದಿನಿಂದ ಬಾಪ ಅಂಗಡಿಯಿಂದ ಬಂದವರೇ ನನ್ನನ್ನು ಚಾಪೆಯ ಮೇಲೆ ಕೂರಿಸಿ, ಮಂಡಿಯನ್ನು ಮೆಲ್ಲಗೆ ಒತ್ತಿ, ಹಿಮ್ಮಡಿಗೂ ತೊಡೆಗೂ ನಡುವೆ ಕೈಯಿಟ್ಟು ಅಳೆಯುತ್ತಿದ್ದರು. ನೋವಿಗೆ ನಾನು ಅವರ ಬನಿಯನ್ ಹಿಡಿದೆಳೆದು ಹರಿದದ್ದೂ ಉಂಟು. ಮೊದಲು ಇಡೀ ಮೊಳಕೈ ಹಿಡಿಸುತ್ತಿದ್ದ ಜಾಗದಲ್ಲಿ ಕ್ರಮೇಣ ಮುಷ್ಟಿ, ಆಮೇಲೆ ಅಂಗೈ, ಕೊನೆಗೆ ಎರಡು ಬೆರಳು. ಆ ಎರಡು ಬೆರಳಿನ ಸಂದು ಮಾತ್ರ ಹೋಗಲೇ ಇಲ್ಲ. ಒಂದು ಸಂಜೆ ಬಾಪ ತಮ್ಮ ಬೈರಾಸು ಟವೆಲನ್ನು ಮಡಚಿ ಆ ಸಂದಿನಲ್ಲಿ ತುರುಕಿ, "ಈಗ ಕೂರು" ಎಂದರು. ಕೂತೆ.

ಆಡಬಹುದು ಎಂದು ಡಾಕ್ಟರು ಹೇಳಿದ್ದು ಮುಂದಿನ ಮಳೆಗಾಲ ಕಳೆದ ಮೇಲೆ. ನಾನು ಮತ್ತೆ ಆಡಲಿಳಿದ ದಿನ ಬಾಪ ಮೊದಲ ಸಲ ಮೈದಾನಕ್ಕೆ ಬಂದು, ಕಡಲೆ ಮಾರುವವನ ಪಕ್ಕ ನಿಂತರು. ನಾನು ಚೆಂಡು ಬಂದಾಗಲೆಲ್ಲ ತಿರುಗದೆ ಹಿಂದಕ್ಕೆ ತಳ್ಳುತ್ತಿದ್ದೆ. "ಎಂತ ಮಾರಾಯ, ಚೆಂಡಿಗೆ ಹೆದರ್ತೀಯಾ?" ಎಂದು ನಮ್ಮ ಗೋಲ್ ಕೀಪರ್ ಕೂಗಿದ. ಚೆಂಡಿಗಲ್ಲ, ಮಂಡಿಯೊಳಗಿನ ಆ ಟಪ್ಪೆಂಬ ಸದ್ದಿಗೆ ಹೆದರುತ್ತಿದ್ದೆ. ಕೊನೆಗೆ ಎದುರಾಳಿ ಬೆನ್ನಿಗೇ ಬಂದು ನಿಂತಾಗ ಬೇರೆ ದಾರಿಯಿರಲಿಲ್ಲ. ಎಡಗಾಲು ಊರಿ ತಿರುಗಿದೆ.

ಸದ್ದು ಬರಲಿಲ್ಲ. ಮಂಡಿ ನಿಂತಿತ್ತು. ನಾನು ಒದ್ದ ಚೆಂಡು ಗೋಲಿನ ಹತ್ತಿರಕ್ಕೂ ಹೋಗದೆ ರಸ್ತೆಗೆ ಬಿತ್ತು. ಬಾಪ ನೋಡಿದರಾ ಎಂದು ಆ ಕಡೆ ಕಣ್ಣು ಹಾಯಿಸಿದೆ. ಅವರು ಮೈದಾನಕ್ಕೆ ಬೆನ್ನು ಹಾಕಿ, ಕಡಲೆಯವನ ಗಾಡಿಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದರು. ನಾನು ಚೆಂಡು ತರುವ ನೆವದಲ್ಲಿ ಅವರ ಹತ್ತಿರಕ್ಕೆ ಹೋದೆ.

"ಬಿದ್ದೆಯಾ?" ತಲೆ ಎತ್ತದೆ ಕೇಳಿದರು.

"ಇಲ್ಲ ಬಾಪ."

"ಹಾಗಾದರೆ ಇನ್ನು ನೋಡ್ತೇನೆ," ಎಂದರು.