ಚಪ್ಪಲಿಯ ಪಕ್ಕದ ಉರ್ದು

ನಮ್ಮ ಮಾಸ್ತರರ ಗಂಟಲಮಣಿ ದೊಡ್ಡದು. ಕರಿ ಶೇರವಾನಿಯ ಕೊರಳಗುಂಡಿಯನ್ನು ಎಂಥ ಬಿಸಿಲಿನಲ್ಲೂ ಬಿಚ್ಚದ ಅವರು ಉರ್ದು ಪಾಠ ಓದುವಾಗ, ಆ ಮಣಿ ಗುಂಡಿಯ ಮೇಲೆ ಏರಿ ಇಳಿಯುತ್ತಿತ್ತು. ನಾವು ಪಾಠ ಬಿಟ್ಟು ಅದನ್ನೇ ನೋಡುತ್ತಿದ್ದೆವು.

ನಿಜಾಮರ ಕಾಲ. ಮಸ್ಕಿಯ ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲೇ. ಮಾಸ್ತರರದೋ ಅಪ್ಪಟ ಕನ್ನಡದ ಮನೆ. ಬಾಗಿಲಲ್ಲಿ ಚಪ್ಪಲಿ ಕಳಚುತ್ತ, ಜೊತೆಗೆ ಹೋದ ನಮಗೆ, "ಉರ್ದು ಸರ್ಕಾರದ್ದು. ಅದನ್ನೂ ಇಲ್ಲೇ ಬಿಟ್ಟು ಒಳಗ ಬರ್ರಿ" ಎನ್ನುತ್ತಿದ್ದರು. ನಾವು ಅವ್ವಾರು ಎಂದು ಕರೆಯುತ್ತಿದ್ದ ಅವರ ಹೆಂಡತಿ ಒಮ್ಮೆ, "ನನಗೂ ನಾಕು ಮಾತು ಕಲಸ್ರಿ" ಎಂದರು. "ನಿನಗ್ಯಾಕಬೇ? ನೀ ಏನರ ತಹಸೀಲ ಕಚೇರಿ ನಡಸಾಕಿಯೇನು?" ಎಂದು ಮಾಸ್ತರರು ನಕ್ಕರು. ಆ ನಗು ನೆನೆದರೆ ಈಗಲೂ ಸಂಕಟವಾಗುತ್ತದೆ.

ನಾನು ಓದು ಮುಗಿಸಿ ಮಾಸ್ತರರ ಪಕ್ಕದ ಮನೆಯಲ್ಲೇ ಸಂಸಾರ ಹೂಡಿದ್ದಾಗ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಬಾಯಿ ಸೊಟ್ಟಗಾಯಿತು. ತಾಯಿಯ ಮಾತು ಕನ್ನಡ ಪೂರ್ತಿ ಹೋಗಿ, ಸರ್ಕಾರದ ಉರ್ದು ಮಾತ್ರ ನಾಲಿಗೆಯಲ್ಲಿ ಉಳಿಯಿತು! ಲಿಂಗಸುಗೂರಿನಿಂದ ಬಂದ ಹಕೀಮರು, "ಮಾತಿಗೂ ನುಂಗೂದಕ್ಕೂ ತಲಿಯಾಗಿನ ನರಾನ ಹುಕುಂ ಕೊಡಬೇಕು. ಅವು ಕೆಟ್ಟಾವ. ನೀರು ಹಾಕಿದ್ರ ಉಸಿರಿನ ದಾರಿ ಹಿಡಿದು ಎದಿಗಿಳೀತೈತಿ. ಎಬ್ಬಿಸಿ ಕುಂದ್ರಿಸಿ, ಗಟ್ಟಿ ಅಂಬಲಿ ಸಾವಕಾಶ ಹಾಕ್ರಿ" ಎಂದರು.

ಅವ್ವಾರು ಚಮಚ ಹಿಡಿದರೆ ನಾನು ನಡುವೆ ಕೂತು ಗಂಡನ ಮಾತನ್ನು ಹೆಂಡತಿಗೆ ತಿಳಿಸುತ್ತಿದ್ದೆ. ಆಹಿಸ್ತಾ ಎಂದರೆ ಸಾವಕಾಶ, ಠೈರೋ ಎಂದರೆ ತಡಿ. "ಇಷ್ಟು ವರ್ಷ ಬಾಳೇವು ಮಾಡಿ, ಗಂಡ ಏನಂದ ಅಂತ ನೆರಮನಿಯವನ್ನ ಕೇಳೂ ಹಂಗಾತಲ್ಲಪ್ಪಾ" ಎಂದು ಆಕೆ ಕಣ್ಣೊರೆಸಿಕೊಳ್ಳುತ್ತಿದ್ದರು. ಮಾಸ್ತರರು ಒಂದು ಕನ್ನಡ ಮಾತಿಗಾಗಿ ತುಟಿ ಒದ್ದಾಡಿಸಿ, ಸಿಗದೆ, ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು.

ನಾನು ಸಿಂಧನೂರಿಗೆ ಮದುವೆಗೆ ಹೋಗಿ ಬರುವಷ್ಟರಲ್ಲಿ ಜ್ವರವೇರಿ, ಎದೆ ಗೊರಗೊರ ಎಂದು, ಅವರು ತೀರಿಕೊಂಡಿದ್ದರು. ಅವ್ವಾರು ನನ್ನನ್ನು ಬಾಗಿಲಲ್ಲೇ ಹಿಡಿದು ನಿಲ್ಲಿಸಿದರು.

"ಕಡೀಗೆ 'ಅಬ್ ತುಮ್ ಭೀ ಖಾಲೋ' ಅಂತಿದ್ರಪ್ಪ. ಖಾನಾ ಅಂದ್ರ ಊಟ, ಅಷ್ಟು ನನಗ ಗೊತ್ತಿತ್ತು. ಹಸದಾರ ಅಂತ ತಿಳದು, ಅಂದಾಗೆಲ್ಲ ಒಂದು ಚಮಚ ಹಾಕಿದೆ. ಕೆಮ್ಮಿದ್ರೂ ಹಾಕಿದೆ. ಹೊಟ್ಟಿತುಂಬ ಉಣಿಸೀನಿ, ಹೌದಿಲ್ಲೋ?"

ಇನ್ನು ನೀನೂ ಉಣ್ಣು ಎಂದು ಅದರ ಅರ್ಥ.

"ಹೌದ್ರಿ ಅವ್ವಾರ, ಹೊಟ್ಟಿತುಂಬ ಉಣಿಸೀರಿ" ಎಂದೆ. ಮಾಸ್ತರರು ಕಲಿಸಿದ ಉರ್ದುವನ್ನು ಚಪ್ಪಲಿಯ ಪಕ್ಕದಲ್ಲೇ ಬಿಟ್ಟು ಒಳಗೆ ಹೋದೆ.