ಸೆರಗಿನ ಕುಣಿಕೆ ಮತ್ತು ಕಾಕಾ ಮಾಡಿದ ಪಾಠ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಆಗ ನಾನು ಪಿಯುಸಿ ಮೊದಲ ವರ್ಷದಲ್ಲಿದ್ದೆನೋ ಎರಡನೆಯದರಲ್ಲೋ, ಮಗ್ಗದ ಮೇಲಿದ್ದ ಸೀರೆ ಕೆಂಪೋ ಹಸಿರೋ, ಖಚಿತವಿಲ್ಲ. ಸಿಟ್ಟಿನವರ ನೆನಪನ್ನು ಪೂರ್ತಿ ನಂಬಬಾರದು, ನನ್ನದನ್ನೂ. ಆದರೆ ಆ ಹೋಲಿಕೆ ನನ್ನದೇ.

ಇಳಕಲ್ಲಿನ ನಮ್ಮ ಮನೆಯಲ್ಲಿ ಅವ್ವ ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕೂಡಿಸುತ್ತಿದ್ದಳು. ಗಂಟು ಹಾಕುವುದಿಲ್ಲ, ಒಂದರ ಕುಣಿಕೆಯಲ್ಲಿ ಇನ್ನೊಂದರ ಕುಣಿಕೆ ತೂರಿಸಿ ಬಿಗಿಯುತ್ತಾರೆ. ಪಕ್ಕದಲ್ಲಿ ಕುಳಿತು ನಾನು ಸಹವೇಲೆನ್ಸೀಯ ಬಂಧ ಓದುತ್ತಿದ್ದೆ. ಎರಡು ಹೈಡ್ರೋಜನ್ ಪರಮಾಣುಗಳು, ಒಂದೊಂದರ ಬಳಿ ಒಂದೇ ಎಲೆಕ್ಟ್ರಾನ್. ಎರಡಿದ್ದರೆ ಕವಚ ತುಂಬುತ್ತದೆ. ಆದರೆ ಯಾವುದೂ ಬಿಟ್ಟುಕೊಡುವುದಿಲ್ಲ, ಯಾವುದೂ ಕಸಿಯುವುದಿಲ್ಲ. ಎಲೆಕ್ಟ್ರಾನ್‌ಗಳ ಜೋಡಿ ನಡುವೆ ನಿಲ್ಲುತ್ತದೆ, ಎರಡೂ ಬೀಜಕೇಂದ್ರಗಳು ಅದನ್ನು ತಮ್ಮತ್ತ ಸೆಳೆಯುತ್ತವೆ. ಆ ಸೆಳೆತವೇ ಬಂಧ.

ಅಂದು ಅಪ್ಪನ ತಮ್ಮ, ನನ್ನ ಕಾಕಾ, ಬಂದಿದ್ದರು. ಬಾಗಲಕೋಟೆಯಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕರು.

“ಕಾಕಾ, ಇದು ನಮ್ಮ ಕುಣಿಕಿ ಇದ್ದಂಗ ಐತಲ್ಲ? ಇಬ್ಬರದೂ ಎಳಿ, ಇಬ್ಬರಿಗೂ ಸೇರಿದ್ದು.”

ಕಾಕಾ ನಕ್ಕರು. “ಎಲೆಕ್ಟ್ರಾನಿಗೆ ಸೀರಿ ಉಡಸ್ತಿ ಏನು? ವೈನಿ, ಈಕಿನ್ನ ಸೈನ್ಸ್ ಬಿಡಿಸಿ ಮಗ್ಗದ ಮುಂದ ಕುಂದರಸ್ರಿ.”

ಅವ್ವ ತಲೆ ಎತ್ತಲಿಲ್ಲ. “ನೀ ಕಲತದ್ದೂ ಇದ ಮಗ್ಗದ ಅನ್ನ ಉಂಡ, ತಮ್ಮಾ.”

ಅಪ್ಪ ಮಾತ್ರ ಕಾಕಾನ ಮಾತು ಹಿಡಿದುಕೊಂಡರು. ವಿಜ್ಞಾನದಲ್ಲೇ ಉಳಿಯಲು ನಾನು ಊಟ ಬಿಟ್ಟು ಹಟ ಮಾಡಬೇಕಾಯಿತು.

ಈಗ ಹುನಗುಂದದಲ್ಲಿ ನಾನೂ ಅದೇ ಪಾಠ ಹೇಳುತ್ತೇನೆ. ಕಳೆದ ವರ್ಷ ಬಾಗಲಕೋಟೆಯಲ್ಲಿ ಶಿಕ್ಷಕರ ಕಾರ್ಯಾಗಾರವಿತ್ತು. ವೇದಿಕೆಯ ಮೇಲೆ ಕಾಕಾ. ಪರದೆಯ ಮೇಲೆ ಇಳಕಲ್ ಸೀರೆಯ ಸೆರಗು. “ಇದು ನಾನೇ ಕಂಡುಕೊಂಡ ಹೋಲಿಕೆ,” ಎಂದರು. ಸುತ್ತಲಿನವರು ಬರೆದುಕೊಳ್ಳುತ್ತಿದ್ದರು. ಜೋಡಿಯನ್ನು ಒಬ್ಬನೇ ಪೂರ್ತಿ ಎಳೆದುಕೊಂಡರೆ ಅದು ಸಹವೇಲೆನ್ಸೀಯ ಬಂಧವಲ್ಲ, ಇನ್ನೊಬ್ಬ ಬರಿಗೈಯಾಗುತ್ತಾನೆ. ಇದನ್ನು ನಾನು ದಿನಾ ಮಕ್ಕಳಿಗೆ ಹೇಳುತ್ತೇನೆ.

ಆಮೇಲೆ ಕಾಕಾ, “ಈ ಎರಡು ಎಳೆಗಳನ್ನು ಗಂಟು ಹಾಕಿ…” ಎಂದರು.

ಸಿಕ್ಕಿಬಿದ್ದರು ಎಂದು ನನಗೆ ಒಳಗೇ ಖುಷಿಯಾಯಿತು. ನೇಕಾರರ ಮನೆಯಲ್ಲಿ ಹುಟ್ಟಿಯೂ ಕಾಕಾ ಒಮ್ಮೆಯೂ ಮಗ್ಗದ ಹತ್ತಿರ ಕೂತವರಲ್ಲ. ಚಹಾದ ಹೊತ್ತಿನಲ್ಲಿ ಅವರೊಬ್ಬರನ್ನೇ ಕರೆದು ಹೇಳಬಹುದಿತ್ತು. ಬೇಡವೆನ್ನಿಸಿತು. ಎದ್ದು ಮೈಕು ಇಸಿದುಕೊಂಡೆ. ‘ಸರ್’ ಎನ್ನಲಿಲ್ಲ, ಬೇಕೆಂದೇ.

“ಗಂಟು ಹಾಕೂದಿಲ್ರಿ ಕಾಕಾ, ಕುಣಿಕಿ ಹಾಕ್ತಾರ. ಈ ಹೋಲಿಕಿ ನಿಮಗ ಮೊದಲ ಯಾರು ಹೇಳಿದ್ರು?”

ಸಭೆಯಲ್ಲಿ ನಗೆ ಎದ್ದಿತು. ಅಥವಾ ನಾನೇ ಹಾಗೆ ಕೇಳಿಸಿಕೊಂಡೆನೋ. ಕಾಕಾ ನೀರು ಕುಡಿದು ಮುಂದಿನ ಚಿತ್ರಕ್ಕೆ ಹೋದರು.

ಅಂದಿನಿಂದ ಪ್ರತಿ ಹಬ್ಬಕ್ಕೂ ಶುಭಾಶಯದ ಬದಲು ಅದೇ ಪ್ರಶ್ನೆಯನ್ನು ವಾಟ್ಸಾಪ್ ಮಾಡುತ್ತೇನೆ. ಓದಿದ ಗುರುತು ಬೀಳುತ್ತದೆ. ಮೊನ್ನೆ ಯುಗಾದಿಗೂ ಕಳಿಸಿದೆ: ಕಾಕಾ, ಅದನ್ನ ನಿಮಗ ಯಾರು ಹೇಳಿದ್ರು?